ಪಳಗಿದ ಹೊಟ್ಟೆ

ಸುಳ್ಳನ್ನು ತಲೆಗಿಂತ ಮೊದಲು ಹೊಟ್ಟೆ ಗುರುತಿಸುತ್ತದೆ ಎಂದು ಕಂಡುಹಿಡಿದವರು ಡಾಕ್ಟರ್ ಇಂದುಮತಿ ಕಟಗೇರಿ. ಅವರು ಆರಿಸಿಕೊಂಡ ಹೊಟ್ಟೆಗಳಲ್ಲಿ ನನ್ನದೂ ಒಂದು.

ಜಠರ ನಿಮಿಷಕ್ಕೆ ಮೂರು ಸಲ ಅಲೆಯ ಹಾಗೆ ಮಿಡಿಯುತ್ತದೆ. ಹಳಸಿದ ಸಾರಿನ ವಾಸನೆ ಮೂಗಿಗೆ ಬಿದ್ದರೆ ಆ ಮಿಡಿತ ಲಯ ತಪ್ಪುತ್ತದೆ, ಆಮೇಲೆ ಓಕರಿಕೆ ಬರುತ್ತದೆ. ಡಾಕ್ಟರು ಸಾವಿರಾರು ಜನರ ಹೊಟ್ಟೆಯ ಮೇಲೆ ತಂತಿ ಅಂಟಿಸಿ, ಫೋನಿನಲ್ಲಿ ಬರುವ ತರಹೇವಾರಿ ಬರಹಗಳನ್ನು ಓದಿಸಿ ನೋಡಿದರು. ಬೇಕೆಂದೇ ಹೆಣೆದ ಸುಳ್ಳನ್ನು ಓದುವಾಗ ಕೆಲವರ ಮಿಡಿತ ಹಳಸಿದ ಸಾರಿಗೆ ತಪ್ಪಿದ ಹಾಗೆಯೇ ತಪ್ಪುತ್ತಿತ್ತು. ಅದು ಸುಳ್ಳೆಂದು ಓದುವವರಿಗೆ ಇನ್ನೂ ಹೊಳೆದಿರುತ್ತಿರಲಿಲ್ಲ. ಆ ಕೆಲವರು ಹೆಚ್ಚುಕಡಿಮೆ ಎಲ್ಲರೂ ಹೆಂಗಸರು. ಬಸುರಿನಲ್ಲಿ ಒಂಬತ್ತು ತಿಂಗಳೂ ಬಿಡದೆ ವಾಂತಿ ಮಾಡಿಕೊಂಡವರು.

ನಾನು ಹಾಗೆ ವಾಂತಿ ಮಾಡಿಕೊಂಡವಳು. ಒಲೆಯ ಮುಂದೆ, ಬಚ್ಚಲಲ್ಲಿ, ಬಸ್ಸಿನ ಕಿಟಕಿಯಲ್ಲಿ. "ನಾವೂ ಹಡದೀವಿ, ನಿನ್ನಂಗ ಮನೀ ತುಂಬಾ ಕಕ್ಕೋತ ಅಡ್ಡ್ಯಾಡಲಿಲ್ಲ" ಎಂದು ಅತ್ತೆ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರು. ಅವರು ಅಸಹ್ಯಪಟ್ಟ ಅದೇ ಹೊಟ್ಟೆಗೆ ಇಪ್ಪತ್ತು ವರ್ಷಗಳ ಮೇಲೆ ನೌಕರಿ ಸಿಕ್ಕಿತು, ಕೊರಳಿಗೆ ಗುರುತಿನ ಬಿಲ್ಲೆ ಬಂತು. ಗಂಡ ತೀರಿಕೊಂಡ ವರ್ಷವೇ ಸಿಕ್ಕಿದ್ದರಿಂದ, ನನ್ನನ್ನು ಹಿಡಿದೆತ್ತಿದ್ದು ಆ ಕೆಲಸವೇ.

ಹುಬ್ಬಳ್ಳಿಯ ಹಳೆಯ ಹತ್ತಿ ಗಿರಣಿಯಲ್ಲಿ ನಮ್ಮ ಕೇಂದ್ರ. ಬೋರ್ಡಿನ ಮೇಲೆ ಉದ್ದನೆಯ ಹೆಸರಿದೆ, ಊರಿನವರು ಕರೆಯುವುದು ಹೊಟ್ಟಿ ಆಫೀಸ್ ಎಂದು. ಬೆಳಿಗ್ಗೆ ಬರೀ ಒಂದು ಹಿಡಿ ಚುರುಮರಿ ತಿಂದು, ಸೊಂಟಕ್ಕೆ ತಂತಿಪಟ್ಟಿ ಬಿಗಿದುಕೊಂಡು ಪರದೆಯ ಮುಂದೆ ಕೂರುತ್ತೇವೆ. ಒಂದೊಂದು ಪುಟವನ್ನು ಏಳು ಜನ ಓದುತ್ತೇವೆ. ಏಳು ಹೊಟ್ಟೆಗಳ ಅಲೆಯನ್ನು ಯಂತ್ರ ಕೂಡಿಸಿ ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತದೆ. ಅದು ಆ ಪುಟದ ನೆತ್ತಿಯ ಮೇಲೆ ಕೂರುತ್ತದೆ: ಎಪ್ಪತ್ತರ ಮೇಲಾದರೆ ಹಸಿರು, ನಲವತ್ತರ ಕೆಳಗಾದರೆ ಕೆಂಪು. ಎರಡೇ ವರ್ಷಕ್ಕೆ ಜನ ಪುಟ ಓದುವುದನ್ನು ಬಿಟ್ಟು ಅಂಕ ಓದತೊಡಗಿದರು.

ಎರಡು ನಿಯಮಗಳಿದ್ದವು. ಪುಟ ನಮ್ಮ ಮುಂದೆ ಬರುವ ಮೊದಲು ಬರೆದವರ ಹೆಸರು, ತಾರೀಖು, ಜಾಹೀರಾತು ಎಲ್ಲದರ ಮೇಲೂ ಕಪ್ಪು ಪಟ್ಟಿ ಎಳೆಯುತ್ತಿದ್ದರು. ಹೆಸರು ಕಂಡರೆ ಹೊಟ್ಟೆ ಪಕ್ಷಪಾತ ಮಾಡುತ್ತದೆಂಬ ಭಯ. ಎರಡನೆಯದು, ಐದು ವರ್ಷ ಓದಿದವಳ ಅಲೆಯನ್ನು ಎರಡು ಪಟ್ಟು ಲೆಕ್ಕ ಹಿಡಿಯುತ್ತಿದ್ದರು. ಹೊಸಬರನ್ನು ಹಸಿ ಹೊಟ್ಟೆ ಎನ್ನುತ್ತಿದ್ದೆವು, ನಮ್ಮನ್ನು ಪಳಗಿದ ಹೊಟ್ಟೆ. ನನ್ನದು ಆರು ವರ್ಷ ಪಳಗಿದ್ದು.

ಪ್ರತಿ ಕುರ್ಚಿಯ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್. ಮೊದಲ ವರ್ಷ ನಾನು ದಿನಕ್ಕೆ ನಾಲ್ಕು ಸಲ ಅದರಲ್ಲಿ ಮುಖ ಇಡುತ್ತಿದ್ದೆ. ಹುಳಿ ನೀರು ಮತ್ತು ಫಿನಾಯಿಲಿನ ವಾಸನೆ ಸೀರೆಯಿಂದ ಹೋಗುತ್ತಲೇ ಇರಲಿಲ್ಲ. ಈಚೆಗೆ ನನ್ನ ಬಕೆಟ್ಟಿನಲ್ಲಿ ನಾನು ಛತ್ರಿ ಇಡುತ್ತೇನೆ.

"ಮಹಾನಂದಕ್ಕಾ, ನಿನ್ನ ಹೊಟ್ಟಿ ಅಂದ್ರ ಕಲ್ಲಾಗಿಹೋತು ನೋಡು," ಎಂದು ಪಕ್ಕದ ಕುರ್ಚಿಯ ಜೈತುನ್‌ಬಿ ನಗುತ್ತಿದ್ದಳು. ನನ್ನ ಹಿಂದೆಯೇ ಸೇರಿದವಳು, ನನ್ನಷ್ಟೇ ವಯಸ್ಸು. "ನನಗೂ ಈಗ ಏನೂ ಆಗೂದಿಲ್ಲ. ನಿನ್ನೆ ಹೆಣದ ಸುದ್ದಿ ಓದಕೋತ ಮಿರ್ಚಿ ಭಜಿ ನೆನಪ ಮಾಡಾಕತ್ತಿದ್ದೆ."

"ಅದಕ್ಕ ಅಲ್ಲೇನು ನಮಗ ಡಬ್ಬಲ್ ಲೆಕ್ಕ ಹಿಡಿಯೂದು. ಬಾಯಿ ಮುಚ್ಚಿ ಓದು," ಎಂದಿದ್ದೆ ನಾನು.

ಹೆಮ್ಮೆಯಿತ್ತು. ಅದನ್ನು ಮುಚ್ಚಿಡುವುದಿಲ್ಲ.

* * *

ಮಗಳು ಸ್ಫೂರ್ತಿ ಹೆರಿಗೆಗೆ ನನ್ನ ಮನೆಗೆ ಬಂದಿದ್ದಳು. ಗಂಡು ಕೂಸು. ಮೂರನೆಯ ದಿನ ಆಸ್ಪತ್ರೆಯಿಂದ ಕರೆತಂದೆವು. ನಾಲ್ಕನೆಯ ದಿನ ಸಂಜೆ ಕೆಲಸದಿಂದ ಬಂದು, ಕೈಕಾಲು ತೊಳೆದು ತೊಟ್ಟಿಲಿಗೆ ಬಗ್ಗಿದೆ. ಕೂಸಿನ ಮುಖ ಅರಿಶಿನ ಹಚ್ಚಿ ಒರೆಸಿದ ಹಾಗಿತ್ತು.

"ಹಳದಿ ಆಗೇತಲ್ಲ ಸ್ಫೂರ್ತಿ."

"ಎಲ್ಲಾ ಕೂಸಿಗೂ ಆಗತೈತವ್ವಾ. ಮುಂಜಾನಿ ಬಿಸಲಾಗ ಹಿಡಿದೇನಿ. ಸಕ್ಕರಿ ನೀರು ಕುಡಿಸಾಕತ್ತೀನಿ."

"ಹಾಲು?"

"ಕುಡಿಯಾಕ ಬ್ಯಾಸರ ಮಾಡತೈತಿ. ಬರೇ ಮಲಗತೈತಿ. ಅದೂ ಇದರಾಗ ಬರದಾರ, ನಿದ್ದಿ ಬಂದ್ರ ಛಲೋ ಅಂತ." ಅವಳು ಫೋನು ಚಾಚಿದಳು. ಪುಟದ ಮೇಲೆ ಹಸಿರು ಅಂಕ: ತೊಂಬತ್ತಾರು.

ಆ ದಿನ ಮಧ್ಯಾಹ್ನ ಆಶಾ ಕಾರ್ಯಕರ್ತೆ ದ್ಯಾಮವ್ವ ಬಂದಿದ್ದಳಂತೆ. ಕೂಸಿನ ಹಣೆ, ಎದೆ, ಅಂಗಾಲುಗಳನ್ನು ಬೆರಳಿನಿಂದ ಒತ್ತಿ ನೋಡಿ, ಹಳದಿ ಅಂಗಾಲಿಗೆ ಇಳಿದಿದೆ, ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದಳಂತೆ. ಮಗಳು ಅವಳಿಗೂ ಈ ಅಂಕ ತೋರಿಸಿದ್ದಾಳೆ. ದ್ಯಾಮವ್ವ ತನ್ನ ಪುಸ್ತಕ ಮಡಚಿಕೊಂಡು, "ಹಂಗಾದ್ರ ನಿಮ್ಮ ಇಷ್ಟರೀ" ಎಂದು ಹೋಗಿದ್ದಾಳೆ.

ನಾನು ಕನ್ನಡಕ ಹಾಕಿಕೊಂಡು ಪುಟ ಓದಿದೆ. ಮೊದಲ ಸಾಲಿಗೇ ಗುರುತು ಸಿಕ್ಕಿತು. ಇದನ್ನು ಹಲವು ಸಲ ಓದಿದ್ದೇನೆ. ಒಮ್ಮೆ "ಕಂದ" ಎಂದು, ಒಮ್ಮೆ "ಮಗು" ಎಂದು, ಒಮ್ಮೆ "ಪುಟ್ಟ ಪಾದದ ದೇವರು" ಎಂದು. ಕೇಂದ್ರದಲ್ಲಿ ಎಂದೂ ನೋಡದಿದ್ದುದನ್ನು ಮಾತ್ರ ಈಗ ನೋಡಿದೆ, ಪುಟದ ತಳ. ಬರೆದವರ ಹೆಸರಿರಲಿಲ್ಲ. ತಾರೀಖಿರಲಿಲ್ಲ. ಕೂಸಿಗೆ ಕುಡಿಸುವ ಸಕ್ಕರೆ ಪುಡಿಯ ಡಬ್ಬಿಯ ಚಿತ್ರವಿತ್ತು, ಪಕ್ಕದಲ್ಲಿ "ಈಗಲೇ ತರಿಸಿ" ಎಂಬ ಗುಂಡಿ. ಅದೇ ಡಬ್ಬಿ ನಮ್ಮ ಕಿಟಕಿಯ ಕಟ್ಟೆಯ ಮೇಲಿತ್ತು. ಅರ್ಧ ಖಾಲಿಯಾಗಿತ್ತು.

ನಾನು ಇನ್ನೊಂದು ಪುಟ ಹುಡುಕಿದೆ. ಮಕ್ಕಳ ವೈದ್ಯೆಯೊಬ್ಬರು ಬರೆದದ್ದು. ಹೆಸರಿತ್ತು, ಕೆಲಸ ಮಾಡುವ ಆಸ್ಪತ್ರೆಯಿತ್ತು, ಹೋದ ತಿಂಗಳ ತಾರೀಖಿತ್ತು, ಏನನ್ನೂ ಮಾರುತ್ತಿರಲಿಲ್ಲ. ಹಳದಿ ಅಂಗಾಲಿಗೆ ಇಳಿದರೆ, ಕೂಸು ಹಾಲು ಬಿಟ್ಟು ಮಂಕಾದರೆ ತಡ ಮಾಡಬೇಡಿ, ಅದು ಮಿದುಳಿಗೆ ಏರಬಹುದು, ಮೈ ಬಿಲ್ಲಿನಂತೆ ಸೆಟೆಯಬಹುದು, ಕೆಲವೊಮ್ಮೆ ರಕ್ತವನ್ನೇ ಬದಲಿಸಬೇಕಾಗುತ್ತದೆ ಎಂದಿತ್ತು. ಅಂಕ ಮೂವತ್ತೊಂದು. ಕೆಂಪು.

"ಇದನ್ನ ಓದು," ಎಂದೆ.

"ಮೂವತ್ತೊಂದು ಐತಲ್ಲವ್ವಾ!"

"ಅಂಕಿ ಬಿಡು. ಯಾರು ಬರದಾರ ನೋಡು. ಅದರಾಗ ಹೆಸರ ಇಲ್ಲ, ಪುಡಿ ಮಾರಾಕತ್ತಾರ. ಇದರಾಗ ಡಾಕ್ಟರ್ ಅದಾರ."

"ಹೆಸರು ಯಾರ ಬೇಕಾದ್ರೂ ಹಾಕ್ಕೋತಾರ. ಅಂಕಿ ನೋಡದ ಏನೂ ನಂಬಬ್ಯಾಡ ಅಂತ ಆರು ವರ್ಷದಿಂದ ಬಡಕೊಂಡಾಕಿ ಯಾರು?" ಅವಳು ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡಳು. ದನಿ ಸಣ್ಣಗಾಯಿತು. "ನಾ ಮದವಿಗೆ ಮುಂಚೆ ಗೋಧಿ ಬಿಟ್ಟಾಗ, ಅತ್ತೀ ಮನಿಯವರು ಬಸರಿನ್ಯಾಗ ಮಂತ್ರದ ಬೂದಿ ಕೊಟ್ಟಾಗ, ಪ್ರತಿಯೊಂದಕ್ಕೂ ನೀನ ಅಂಕಿ ತೋರಿಸಿ ಬಾಯಿ ಮುಚ್ಚಿಸಿದಿ. ಈಗ ಬ್ಯಾಡ ಅಂತೀ. ಇದು ನಿನ್ನ ಹೊಟ್ಟೀನ ಕೊಟ್ಟಿದ್ದಲ್ಲೇನು? ಕರ್ನಾಟಕದ ಮಂದೆಲ್ಲಾ ನಿನ್ನ ಹೊಟ್ಟಿ ನಂಬತಾರ, ನೀ ನಂಬೂದಿಲ್ಲ?"

ಕೂಸನ್ನು ಕಿತ್ತುಕೊಂಡು ಆಗಲೇ ಹೊರಡಬೇಕಿತ್ತು. ಹೊರಡಲಿಲ್ಲ, ಏಕೆಂದರೆ ನಾನೂ ನಂಬಿದ್ದೆ. ಮೂವತ್ತೊಂದು ಎಂಬ ಕೆಂಪಂಕ ನೋಡಿದಾಗ ನನ್ನೊಳಗೂ ಏನೋ ಹಿಂದೆ ಸರಿದಿತ್ತು.

"ಆ ಅಂಕಿ ಇಳದ್ರ ಬರ್ತೀಯಾ ಆಸ್ಪತ್ರಿಗೆ?" ಎಂದು ಕೇಳಿದೆ.

"ಇಳೀಲಿ. ಆ ಕ್ಷಣಾ ಬರ್ತೀನಿ."

* * *

ಮರುದಿನ ಬೆಳಿಗ್ಗೆ ಕೂಸಿನ ಕಣ್ಣಿನ ಬಿಳಿಯೂ ಹಳದಿಯಾಗಿತ್ತು. ನಾನು ಚುರುಮರಿಯನ್ನೂ ತಿನ್ನದೆ ಕೇಂದ್ರಕ್ಕೆ ಓಡಿದೆ. ಡಾಕ್ಟರ್ ಇಂದುಮತಿ ಅವರು ನಿಯಂತ್ರಣ ಕೋಣೆಯಲ್ಲಿ, ಗೋಡೆಯಷ್ಟು ದೊಡ್ಡ ಪರದೆಯ ಮುಂದೆ ಚಹಾ ಕುಡಿಯುತ್ತಿದ್ದರು. ಅವರು ಧಾರವಾಡದ ಕಡೆಯವರು, ನನ್ನನ್ನು ಯಾವಾಗಲೂ ಬಹುವಚನದಲ್ಲಿಯೇ ಮಾತನಾಡಿಸುವವರು. ವಿಷಯ ಹೇಳಿದೆ.

"ಹಂಗೆಲ್ಲಾ ಕೈಯಿಂದ ಅಂಕಿ ಇಳಸಾಕ ಬರೂದಿಲ್ಲ ಮಹಾನಂದಾ. ಮರು ಓದು ಹಾಕ್ರಿ. ನಿಮಗ ಹಕ್ಕೈತಿ, ನೀವು ಹಿರೇರು. ನಿಮ್ಮ ಹೊಟ್ಟಿ ಬ್ಯಾಡ ಅಂದ್ರ ಅರ್ಧ ತಾಸಿನಾಗ ಇಳೀತದ."

ಇಷ್ಟೇ ತಾನೆ ಎಂದುಕೊಂಡು ಹೋಗಿ ಕುಳಿತೆ. ಪಟ್ಟಿ ಬಿಗಿದುಕೊಂಡೆ. ಪುಟ ಬಂತು, ಕಪ್ಪು ಪಟ್ಟಿಗಳ ಸಮೇತ.

"ನಿಮ್ಮ ಕಂದನ ಹಳದಿ ಬಣ್ಣಕ್ಕೆ ಹೆದರಬೇಡಿ." ಓದಿದೆ. ಇದು ಸುಳ್ಳು ಎಂದು ತಲೆಗೆ ಗೊತ್ತಿತ್ತು. ಕಣ್ಣ ಮುಂದೆ ಮೊಮ್ಮಗನ ಅಂಗಾಲಿತ್ತು. ಪರದೆಯ ಮೂಲೆಯಲ್ಲಿ ನನ್ನ ಅಲೆ ಹೋಗುತ್ತಿತ್ತು: ನಿಮಿಷಕ್ಕೆ ಮೂರು, ದುಂಡಗೆ, ನಿದ್ದೆ ಹೋದ ಎಮ್ಮೆಯ ಉಸಿರಿನಂತೆ.

ಇನ್ನೊಮ್ಮೆ ಓದಿದೆ. ಪುಡಿ ಮಾರುವವನನ್ನು ನೆನೆದೆ. ಯಾವುದೋ ತಂಪು ಕೋಣೆಯಲ್ಲಿ ಕೂತು "ಕಂದ" ತೆಗೆದು "ಮಗು" ಎಂದು ಸೇರಿಸುವ ಅವನ ಬೆರಳುಗಳನ್ನು ನೆನೆದೆ. ಅಲೆ ಕದಲಲಿಲ್ಲ. ಬಚ್ಚಲ ಮೋರಿ, ಸತ್ತ ಇಲಿ, ಹುಳ ಬಿದ್ದ ಹಿಟ್ಟು, ಗಂಡನ ಕೊನೆಯ ದಿನಗಳ ಹಾಸಿಗೆ. ಹೇಸಿಗೆಯೆಂದು ನನಗೆ ಗೊತ್ತಿದ್ದ ಎಲ್ಲವನ್ನೂ ಒಂದೊಂದಾಗಿ ಎಳೆದು ತಂದೆ. ಹೊಟ್ಟೆ ಎಲ್ಲವನ್ನೂ ನುಂಗಿಕೊಂಡು ಸುಮ್ಮನಿತ್ತು. ಕಡೆಗೆ ಬಾಯೊಳಗೆ ಎರಡು ಬೆರಳು ತುರುಕಿದೆ.

"ಯಾಕಬೇ, ಏನ ಮಾಡಾಕತ್ತೀ!" ಎಂದು ಜೈತುನ್‌ಬಿ ಕೈ ಹಿಡಿದೆಳೆದಳು. "ಹಂಗ ಮಾಡಿದ್ರ ಮಿಷಿನ್ ಓದೂದಿಲ್ಲ, ಗಂಟಲದ ವಾಂತಿ ಬ್ಯಾರೆ ಅಂತ ಅದಕ್ಕ ಗೊತ್ತೈತಿ."

"ಜೈತುನ್, ನನಗ ಓಕರಿಕಿ ಬರವಲ್ದು," ಎಂದೆ. ಕಣ್ಣಲ್ಲಿ ನೀರಿತ್ತು, ಗಲ್ಲದ ಮೇಲೆ ಜೊಲ್ಲು. "ನನ್ನ ಮೊಮ್ಮಗಂದು ಜೀವದ ಪ್ರಶ್ನೆ, ನನಗ ಓಕರಿಕಿ ಬರವಲ್ದು."

ಅವಳು ನನ್ನ ಪರದೆ ನೋಡಿದಳು. ಸೆರಗಿನಿಂದ ನನ್ನ ಕಣ್ಣು ಒರೆಸಿದಳು. ಅಷ್ಟರಲ್ಲಿ ಪುಟ ಮುಗಿದ ಗಂಟೆ ಹೊಡೆಯಿತು. ಅಂಕ ಬದಲಾಯಿತು. ತೊಂಬತ್ತೇಳು.

ಪಟ್ಟಿ ಕಿತ್ತು ಡಾಕ್ಟರ ಕೋಣೆಗೆ ಹೋದೆ. ನನ್ನ ಹಳೆಯ ಓದುಗಳನ್ನು ತೋರಿಸಿ ಎಂದೆ. ಅವರು ಒಪ್ಪಲಿಲ್ಲ, ನಾನು ಹೊರಗೆ ಹೋಗಲಿಲ್ಲ. ಕೊನೆಗೆ ತೆಗೆದರು.

ಈ ಪುಟ ಮೊದಲ ಸಲ ಬಂದದ್ದು ನಾಲ್ಕು ವರ್ಷದ ಹಿಂದೆ. ಆ ದಿನದ ನನ್ನ ಅಲೆ ಹುಚ್ಚೆದ್ದು ಕುಣಿದಿತ್ತು, ಅಂಕ ಹನ್ನೆರಡು. ವಾರದ ಮೇಲೆ ಪುಟ ಎರಡು ಪದ ಬದಲಿಸಿಕೊಂಡು ಮತ್ತೆ ಬಂದಿತ್ತು, ಹದಿನೆಂಟು. ಮತ್ತೆ. ಮತ್ತೆ. ನಲವತ್ತಮೂರು ಸಲ. ಪ್ರತಿ ಸಲವೂ ಅಲೆ ಸ್ವಲ್ಪ ತಗ್ಗಿತ್ತು. ಇಪ್ಪತ್ತನೆಯದರ ಹೊತ್ತಿಗೆ ಹಸಿರು. ಕೊನೆಯ ಹತ್ತು ಓದುಗಳು ಇಸ್ತ್ರಿ ಮಾಡಿದ ಹಾಗಿದ್ದವು.

"ರೂಢಿ," ಎಂದರು ಡಾಕ್ಟರು. "ದಿನಾ ಉಂಡದ್ದನ್ನ ಹೊಟ್ಟಿ ಪರಕೀಯ ಅನ್ನೂದಿಲ್ಲ. ಹೊಸಾ ಖರೇ ಮಾತು ಬಂದ್ರ, ಅದೂ ಕಹಿ ಇದ್ರ, ಅದನ್ನ ಕಕ್ಕತದ."

"ನಿಮಗ ಗೊತ್ತಿತ್ತ?"

"ಎರಡು ವರ್ಷ ಆತು."

"ಮತ್ತ ನಮಗ ಡಬ್ಬಲ್ ಲೆಕ್ಕ ಯಾಕ ಹಿಡೀತೀರಿ?"

ಅವರು ಚಹಾದ ಕಪ್ಪನ್ನು ತಿರುಗಿಸುತ್ತ ಕೂತರು. "ಹಿರೇರ ಓದು ಏರಿಳಿತ ಇಲ್ಲದ್ದು. ಅಂಕಿ ಸ್ಥಿರ ಇರತಾವ. ಮಂದಿಗೆ ಸ್ಥಿರ ಇದ್ದದ್ದ ಬೇಕು. ಇವತ್ತ ನಾ ಎದ್ದು ಇದು ಕೆಟ್ಟೈತಿ ಅಂದ್ರ ನಾಳೆ ಅವರು ಏನ ನಂಬತಾರ? ಯಾರನ್ನ ನಂಬತಾರ? ಏನೋ ಒಂದು ಇರಬೇಕಲ್ಲ."

ಅವರು ಕೆಟ್ಟವರೆಂದು ನನಗೆ ಅನ್ನಿಸಲಿಲ್ಲ. ಅದೇ ಹೆಚ್ಚು ಹೇಸಿಗೆಯೆನಿಸಿತು. ಒಳ್ಳೆಯ ಹತ್ತಿ ಸೀರೆ, ಎಣ್ಣೆ ಹಚ್ಚಿ ಬಾಚಿದ ಕೂದಲು, ಮೆಲು ಮಾತು. ಎರಡು ವರ್ಷ ಇವರು ದಿನಾ ಈ ಕುರ್ಚಿಯಲ್ಲಿ ಕೂತು, ನಲವತ್ತಮೂರು ಸಲ ಮರಳಿ ಬಂದ ಸುಳ್ಳು ಹಸಿರಾಗುವುದನ್ನು ನೋಡುತ್ತ ಚಹಾ ಕುಡಿದಿದ್ದಾರೆ. ಇವರ ಹೊಟ್ಟೆಯೂ ಪಳಗಿದೆ. ಇವರಿಗೆ ಪಟ್ಟಿಯೂ ಕಟ್ಟಿರಲಿಲ್ಲ, ಬಕೆಟ್ಟೂ ಇಟ್ಟಿರಲಿಲ್ಲ.

ಮತ್ತು ನಾನು? ನಲವತ್ತಮೂರು ಸಲ ಒಂದೇ ಬರಹ ಎದುರಿಗೆ ಬಂದಾಗ, ಇದನ್ನು ಯಾಕೆ ಇಷ್ಟು ಸಲ ಕಳಿಸುತ್ತಿದ್ದಾರೆ, ಕಪ್ಪು ಪಟ್ಟಿಯ ಕೆಳಗೆ ಏನಿದೆ ಎಂದು ಒಂದು ಸಲವೂ ಕೇಳಿರಲಿಲ್ಲ. ಬೇರೆ ಕಡೆ ಏನು ಬರೆದಿದ್ದಾರೆಂದು ನೋಡಿರಲಿಲ್ಲ. ಸಂಕಟ ಕಡಿಮೆಯಾಯಿತಲ್ಲ ಎಂದು ದೇವರಿಗೆ ಕೈಮುಗಿದಿದ್ದೆ. ಮೊದಲ ದಿನದ ಆ ಕುಣಿಯುವ ಅಲೆಯೇ ನನ್ನೊಳಗೆ ಇದ್ದ ಒಂದೇ ಒಳ್ಳೆಯ ವಸ್ತು. ಅದು ಸತ್ತ ಮೇಲೆ ಕೇಂದ್ರದವರು ಐದು ವರ್ಷ ತುಂಬಿತೆಂದು ನನಗೆ ಹಾರ ಹಾಕಿದ್ದರು.

* * *

ಮನೆಗೆ ಬಂದಾಗ ಹನ್ನೊಂದು ಗಂಟೆ. ಸ್ಫೂರ್ತಿ ತಲೆಗೆ ಬಟ್ಟೆ ಕಟ್ಟಿಕೊಂಡು, ಫೋನು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಇಳೀತೈತಿ ಅಂದಿ. ಏರೇತಿ ನೋಡು. ತೊಂಬತ್ತೇಳು." ಅವಳ ಮುಖದಲ್ಲಿ ಗೆಲುವಿರಲಿಲ್ಲ. ಅವಳು ಹೆದರಿದ್ದಳು, ಅಂಕ ಇಳಿಯಲಿ ಎಂದು ಅವಳೂ ಬೆಳಗಿನಿಂದ ಕಾದಿದ್ದಳು. "ಅವ್ವಾ, ಎಬ್ಬಿಸಿದ್ರೂ ಏಳವಲ್ದು ಕೂಸು."

"ಆ ಒಂದು ಅಂಕಿ ಏರಿಸಿದಾಕಿ ನಾನ," ಎಂದೆ. "ಈಗ, ಒಂದು ತಾಸಿನ ಹಿಂದ. ವಾಂತಿ ಬರಲಿ ಅಂತ ಬಾಯಾಗ ಬೆರಳು ಹಾಕಿದೆ. ಬರಲಿಲ್ಲ. ನಲವತ್ತಮೂರು ಸಲ ಓದೀನಿ ಸ್ಫೂರ್ತಿ, ನನಗದು ಅನ್ನ ಆಗೇತಿ. ಮೊದಲನೇ ಸಲ ಓದಿದಾಗ ಹನ್ನೆರಡು ಕೊಟ್ಟಿದ್ದೆ."

ಅವಳು ನನ್ನನ್ನೇ ನೋಡಿದಳು. ನನ್ನ ಗಲ್ಲದ ಮೇಲೆ ಜೊಲ್ಲು ಒಣಗಿತ್ತು, ಕುಪ್ಪಸದ ಮೇಲೆ ಕಲೆಯಿತ್ತು.

"ಹನ್ನೆರಡು?"

"ಹನ್ನೆರಡು."

"ಮತ್ತ ಯಾಕವ್ವಾ..." ಎಂದಳು. ಫೋನನ್ನು ಕಟ್ಟೆಯ ಮೇಲೆ, ಸಕ್ಕರೆ ಪುಡಿಯ ಡಬ್ಬಿಯ ಪಕ್ಕಕ್ಕಿಟ್ಟು, ಕೂಸನ್ನು ದುಪ್ಪಟಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ನನ್ನ ಹಿಂದೆ ಆಟೋ ಹತ್ತಿದಳು.

ದೊಡ್ಡಾಸ್ಪತ್ರೆಯ ಮಕ್ಕಳ ವೈದ್ಯೆ ಕೂಸಿನ ರಕ್ತ ತೆಗೆಸಿ ನೋಡಿ, ಮೊದಲು ನೀಲಿ ದೀಪಗಳ ಕೆಳಗೆ ಮಲಗಿಸಿದರು. ಕಣ್ಣಿಗೆ ಬಿಳಿ ಪಟ್ಟಿ, ಮೈ ಬತ್ತಲೆ. ಆಮೇಲೆ ನಮ್ಮ ಕಡೆ ತಿರುಗಿದರು.

"ನಿನ್ನೇನ ಯಾಕ ತರಲಿಲ್ಲ? ಇವತ್ತ ಸಂಜೀಕ ಬಂದಿದ್ರ ರಕ್ತಾನ ಬದಲಿ ಮಾಡಬೇಕಾಗ್ತಿತ್ತು. ಈಗ ದೀಪಕ್ಕ ಇಳೀಬಹುದು. ಕಿವಿಗೆ ಪೆಟ್ಟು ಬಿದ್ದೈತೋ ಇಲ್ಲೋ ಮೂರು ತಿಂಗಳಿಗೆ ಪರೀಕ್ಷಾ ಮಾಡಿ ಹೇಳಬೇಕು. ಅಲ್ಲೀತನಕಾ ನಾ ಏನೂ ಮಾತು ಕೊಡೂದಿಲ್ಲ."

"ತೊಂಬತ್ತಾರು ಇತ್ತರೀ," ಎಂದಳು ಸ್ಫೂರ್ತಿ. ವೈದ್ಯೆ ಅದೆಲ್ಲ ಗೊತ್ತು ಎಂಬಂತೆ ತಲೆ ಆಡಿಸಿ, ಮುಂದಿನ ಕೂಸಿನ ಹತ್ತಿರ ಹೋದರು.

ಮುಂದಿನ ಕೂಸೂ ನೀಲಿ ದೀಪದ ಕೆಳಗಿತ್ತು. ಅದರಾಚೆಯದೂ.

ಸ್ಫೂರ್ತಿಯನ್ನು ಹಾಲೂಡಿಸಲು ಒಳಗೆ ಕರೆದರು. ನಾನು ಹೊರಗಿನ ಬೆಂಚಿನ ಮೇಲೆ ಕುಳಿತೆ. ಪಕ್ಕದಲ್ಲಿ ನವಲಗುಂದದ ಕಡೆಯ ಹೆಂಗಸೊಬ್ಬಳು, ನನ್ನದೇ ವಯಸ್ಸು, ಒಳಗೆ ಇನ್ನೂ ಜಾಗ ಸಿಗದ ಕೂಸೊಂದನ್ನು ಎದೆಗವಚಿಕೊಂಡು ಕೂತಿದ್ದಳು. ಅದೂ ಹಳದಿ.

"ನಿಮ್ಮದೂ ಹಿಂಗ ಏನ್ರೀ?" ಎಂದು ಕೇಳಿದಳು.

"ಹೌದ್ರಿ. ಮಗಳ ಕೂಸು."

"ಇದು ಸೊಸೀದು. ಆಕಿಗೆ ಇನ್ನೂ ಏಳಾಕ ಬರವಲ್ದು. ನಾವೂ ಸಕ್ಕರಿ ನೀರು ಹಾಕೋತ ಕುಂತಿವ್ರೀ ಮೂರು ದಿನ. ನಮ್ಮೂರಾಗ ಎಲ್ಲಾರೂ ಅದನ್ನ ಹಾಕತಾರ. ನನಗ ಓದಾಕ ಬರೂದಿಲ್ಲ ನೋಡ್ರಿ, ಮಗಾ ತೋರಿಸಿದ. ಹಸರ ಬಣ್ಣ ಅಂದ, ಇವತ್ತ ನೋಡಿದ್ರ ತೊಂಬತ್ತೇಳು ಐತಿ ಅಂದ." ಅವಳು ನನ್ನತ್ತ ಜರುಗಿ, ಗುಟ್ಟು ಹೇಳುವಂತೆ ದನಿ ತಗ್ಗಿಸಿದಳು. "ಡಾಕ್ಟರು ಹಂಗೆಲ್ಲಾ ಬೈತಾರ. ಆದ್ರ ತೊಂಬತ್ತೇಳು ಅಂದ್ರ ಸುಮ್ಮನ ಬರತೈತೇನ್ರೀ? ಯಾರೋ ದೊಡ್ಡಾಕಿ, ತಿಳದಾಕಿ, ಕುಂತು ಚೊಲೋತ್ನ್ಯಾಗ ಓದಿ ನೋಡೇ ಕೊಟ್ಟಿರಬೇಕಲ್ಲ."

ನನ್ನ ಕೊರಳಲ್ಲಿ ಕೇಂದ್ರದ ಬಿಲ್ಲೆ ಇನ್ನೂ ತೂಗುತ್ತಿತ್ತು. ಅವಳಿಗೆ ಅದನ್ನು ಓದಲು ಬರುತ್ತಿರಲಿಲ್ಲ. ನಾನು ಸುಮ್ಮನೆ ತಲೆಯಾಡಿಸಬಹುದಿತ್ತು.

"ಅಕ್ಕಾರ," ಎಂದೆ, "ಆಕಿ ನಾನರೀ. ಇವತ್ತ ಮುಂಜಾನೆ ಕೊಟ್ಟು ಬಂದೀನಿ. ಅದು ಸುಳ್ಳ ಐತ್ರಿ. ಸುಳ್ಳ ಅಂತ ಗೊತ್ತಿದ್ದೂ ಕೊಟ್ಟೀನಿ. ನಿಮ್ಮೂರಾಗ ಎಲ್ಲಾರಿಗೂ ಹೇಳ್ರಿ, ಹುಬ್ಬಳ್ಳ್ಯಾಗ ಅದನ್ನ ಕೊಟ್ಟಾಕಿನ ಸಿಕ್ಕಿದ್ಲು ಅಂತ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನಾನು ಇನ್ನೊಮ್ಮೆ ಹೇಳಿದೆ, ನಿಧಾನವಾಗಿ, ಪಟ್ಟಿ, ಹೊಟ್ಟೆ, ಡಬ್ಬಿ ಎಲ್ಲವನ್ನೂ. ಅವಳು ಕೇಳುತ್ತ ಕೇಳುತ್ತ ನನ್ನ ಮುಖದಿಂದ ಕುಪ್ಪಸದ ಕಲೆಗೆ, ಕಲೆಯಿಂದ ಬಿಲ್ಲೆಗೆ ಕಣ್ಣು ಇಳಿಸಿದಳು. ಅವಳ ಮೂಗಿನ ಹೊಳ್ಳೆಗಳು ಅಗಲವಾದವು, ತುಟಿಯ ಒಂದು ಮೂಲೆ ಕೆಳಗಿಳಿಯಿತು, ಗಂಟಲು ಒಮ್ಮೆ ಏರಿ ಇಳಿಯಿತು.

ಸೆರಗಿನಿಂದ ಕೂಸಿನ ಮುಖ ಮುಚ್ಚಿ, ಅದನ್ನು ಆಚೆಯ ಹೆಗಲಿಗೆ ಹಾಕಿಕೊಂಡು, ಎದ್ದು ಹೋಗಿ ಗೋಡೆಯ ಹತ್ತಿರ ನೆಲದ ಮೇಲೆ ಕುಳಿತಳು.